ಪಿಕ್ ಲೈನ್ ಮನೆಯಲ್ಲಿ: ಸೆಕೆಗೆ ಡ್ರೆಸ್ಸಿಂಗ್ ನಿಲ್ಲುತ್ತಿಲ್ಲ, ಸೋಂಕು ತಡೆಯುವುದು ಹೇಗೆ?

ಬದಿಯಡ್ಕದವ
ಅಪ್ಪನ ಬಲತೋಳಿಗೆ ಮಂಗಳೂರಿನಲ್ಲಿ ಪಿಕ್ ಲೈನ್ (ತೋಳಿನ ರಕ್ತನಾಳದಿಂದ ಎದೆಯವರೆಗೆ ಹೋಗುವ ತೆಳು ಕೊಳವೆ) ಹಾಕಿ, 6 ವಾರದ ಆಂಟಿಬಯಾಟಿಕ್ ಬರೆದು ಮನೆಗೆ ಕಳಿಸಿದ್ದಾರೆ. ದಿನಕ್ಕೊಂದು ಡೋಸ್. ಡ್ರೆಸ್ಸಿಂಗ್‌ಗೆ ಪಾಲಿಯೇಟಿವ್ ಸಿಸ್ಟರ್ (ಮನೆಗೆ ಬಂದು ನೋಡುವ ನರ್ಸ್) ವಾರಕ್ಕೊಮ್ಮೆ ಬರುತ್ತಾರೆ, ಡೋಸ್ ನಾವೇ ಕೊಡುವುದು. ಇಲ್ಲಿಯ ಸೆಕೆಗೆ ಮೂರನೇ ದಿನವೇ ಡ್ರೆಸ್ಸಿಂಗ್‌ನ ಅಂಚು ಏಳುತ್ತದೆ. ಮೇಲಿಂದ ಟೇಪ್ ಹಚ್ಚಿದರೆ ಸಾಕಾ? ಸ್ನಾನ ಹೇಗೆ?

ವಾರ್ಡ್ ಸಿಸ್ಟರ್
ಟೇಪ್ ಬೇಡ ಮಾರಾಯ್ರೆ. ಅಂಚು ಎದ್ದರೆ ಬೆವರು ಆಗಲೇ ಒಳಗೆ ಇಳಿದಿರುತ್ತದೆ. 7 ದಿನದ ಲೆಕ್ಕ ಒಣಗಿ, ಸುತ್ತಲೂ ಅಂಟಿಕೊಂಡ ಡ್ರೆಸ್ಸಿಂಗ್‌ಗೆ ಮಾತ್ರ. ಎದ್ದರೆ, ಒದ್ದೆಯಾದರೆ ಅಂದೇ ಸಿಸ್ಟರನ್ನು ಕರೆಸಿ. ತುಂಬಾ ಬೆವರುವವರಿಗೆ ಸ್ಟೆರೈಲ್ ಗಾಜ್ (ಕ್ರಿಮಿಯಿಲ್ಲದ ಹತ್ತಿಬಟ್ಟೆ) ವಾಸಿ, ಆದರೆ ಅದನ್ನು 2 ದಿನಕ್ಕೊಮ್ಮೆ ಬದಲಿಸಬೇಕು.

ಬೇಗ ಏಳುವುದಕ್ಕೆ ಹೆಚ್ಚಾಗಿ ಅವಸರವೇ ಕಾರಣ. 2% ಕ್ಲೋರ್‌ಹೆಕ್ಸಿಡಿನ್ ಇರುವ ಆಲ್ಕೋಹಾಲ್ ದ್ರಾವಣದಿಂದ ಚರ್ಮವನ್ನು 30 ಸೆಕೆಂಡು ಉಜ್ಜಿ, ತಾನಾಗಿ ಪೂರ್ತಿ ಆರಲು ಬಿಡಬೇಕು. ಊದಬಾರದು, ಬೀಸಬಾರದು. ಹಸಿಯ ಮೇಲೆ ಹಚ್ಚಿದರೆ ಅಂಟು ಹಿಡಿಯುವುದಿಲ್ಲ, ಚರ್ಮವೂ ಕೆಂಪಾಗಿ ತುರಿಸುತ್ತದೆ. ಹಳೆಯದನ್ನು ಕೆಳಗಿನಿಂದ ಭುಜದ ಕಡೆಗೆ ಬಿಡಿಸಬೇಕು, ಇಲ್ಲದಿದ್ದರೆ ಲೈನೂ ಜೊತೆಗೆ ಬಂದೀತು. ಹೊರಗಿರುವ ಉದ್ದ ಪ್ರತಿಸಲ ಅಳೆದು ಬರೆದಿಡಿ. ಹೊರಬಂದದ್ದನ್ನು ಒಳಗೆ ತಳ್ಳುವ ಹಾಗಿಲ್ಲ.

ಸ್ನಾನಕ್ಕೆ ಪ್ಲಾಸ್ಟಿಕ್ ಸುತ್ತಿ, ಎರಡೂ ತುದಿ ಟೇಪ್ ಮಾಡಿ, ತೋಳು ನೀರಿನಿಂದ ದೂರ. ಕೆರೆ, ತೋಡು ಪೂರ್ತಿ ಬಂದ್.

ಸಲೈನ್ 10
ಡ್ರೆಸ್ಸಿಂಗ್ ಎಲ್ಲರ ಕಣ್ಣಿಗೆ ಬೀಳುತ್ತದೆ, ಹಬ್ (ಸಿರಿಂಜ್ ಜೋಡಿಸುವ ಲೈನಿನ ಬಾಯಿ) ಬೀಳುವುದಿಲ್ಲ. ಮೊದಲ ವಾರ-ಹತ್ತು ದಿನ ಚರ್ಮದ ಕ್ರಿಮಿ ಕೊಳವೆಯ ಹೊರಮೈ ಹಿಡಿದು ಇಳಿಯುವುದು ಹೆಚ್ಚು. ಲೈನ್ ಹಳೆಯದಾದಂತೆ ಈ ಹಬ್ಬೇ ದೊಡ್ಡ ದಾರಿ. ಒಂದು ಡೋಸ್‌ಗೆ ಮೂರು ಸಲ ಜೋಡಿಸುತ್ತೀರಿ: ಸಲೈನ್, ಔಷಧಿ, ಮತ್ತೆ ಸಲೈನ್. ಕೈ ತೊಳೆದು, ಪ್ರತಿಸಲ ಹೊಸ ಆಲ್ಕೋಹಾಲ್ ಸ್ವಾಬ್‌ನಿಂದ ಹಬ್‌ನ ಮುಖವನ್ನೂ ಸುತ್ತಲಿನ ತಿರುಪನ್ನೂ 15 ಸೆಕೆಂಡು ಒತ್ತಿ ಉಜ್ಜಿ, ಆರಿದ ಮೇಲೆಯೇ ಜೋಡಿಸಿ. ಸುಮ್ಮನೆ ಒರೆಸಿದರೆ ಪ್ರಯೋಜನ ಇಲ್ಲ.

ಸಲೈನ್ 10 ಮಿ.ಲೀ. ಸಿರಿಂಜ್‌ನಲ್ಲೇ ಕೊಡಿ; ಸಣ್ಣ ಸಿರಿಂಜ್‌ನ ಒತ್ತಡ ಜಾಸ್ತಿ, ಕೊಳವೆ ಒಡೆಯಬಹುದು. ಸ್ವಲ್ಪ ತಳ್ಳಿ, ನಿಲ್ಲಿಸಿ, ಮತ್ತೆ ತಳ್ಳಿ. ಒಳಗೆ ಉಳಿದ ರಕ್ತದ ಮೇಲೆಯೇ ಕ್ರಿಮಿ ಪದರ ಕಟ್ಟುವುದು.

100 ಮಿ.ಲೀ. ಸಲೈನ್ ಬಾಟಲಿಗೆ ಸೂಜಿ ಚುಚ್ಚಿಟ್ಟು ನಾಲ್ಕು ದಿನ ತೆಗೆಯುವ ಉಳಿತಾಯ ಮಾತ್ರ ಬೇಡವೇ ಬೇಡ. ಒಂದೇ ಸಲದ 10 ಮಿ.ಲೀ. ಆಂಪ್ಯೂಲ್ ಮೆಡಿಕಲಿನಲ್ಲಿ ಕೇಳಿ.

ಬದಿಯಡ್ಕದವ
ಬಾಟಲಿಯೇ ನಡೆಯುತ್ತಿತ್ತು, ಇವತ್ತೇ ಬದಲಿಸುತ್ತೇನೆ. ಜ್ವರ ಬಂದರೆ?

ವಾರ್ಡ್ ಸಿಸ್ಟರ್
ಫ್ಲಶ್ ಮಾಡಿ (ಸಲೈನ್ ತಳ್ಳಿ) ಒಂದು ಗಂಟೆಯೊಳಗೆ ಚಳಿ ನಡುಕ ಬಂದರೆ ಲೈನನ್ನೇ ಸಂಶಯಿಸಿ, ತೋಳು ನೋಡಲು ಚೆನ್ನಾಗಿದ್ದರೂ ಸರಿ. ಲೈನಿನ ಕ್ಲಾಂಪ್ (ಮುಚ್ಚುವ ಕ್ಲಿಪ್) ಹಾಕಿ, ಆ ಲೈನ್ ಮುಟ್ಟದೆ ಆಸ್ಪತ್ರೆಗೆ ಹೊರಡಿ. ಪ್ಯಾರಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬೇಡಿ. ಹೊಸ ಆಂಟಿಬಯಾಟಿಕ್ ಶುರುವಾಗುವ ಮೊದಲೇ ಲೈನಿಂದಲೂ ಎಡಗೈಯಿಂದಲೂ ಒಟ್ಟಿಗೆ ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿ ಕ್ರಿಮಿ ಬೆಳೆಯುತ್ತದೆಯೇ ಎಂಬ ಪರೀಕ್ಷೆಗೆ) ರಕ್ತ ತೆಗೆಯಲು ಕೇಳಿ. ಲೈನಿನ ರಕ್ತದ ಬಾಟಲಿಯಲ್ಲಿ ಕ್ರಿಮಿ ಎಡಗೈಯ ಬಾಟಲಿಗಿಂತ ಕನಿಷ್ಠ 2 ಗಂಟೆ ಮೊದಲು ಬೆಳೆದರೆ ಸೋಂಕಿನ ಮೂಲ ಲೈನೇ ಎಂದು ಲೆಕ್ಕ.