ಮರುಭೂಮಿ ಹವೆಯ ಮನೆ: ಬಿಸಿಲು ಏರುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಮರಳುಹಾದಿ:

ನಮಸ್ಕಾರ. ಮರುಭೂಮಿಯ ಮನೆಗೆ ಬಂದು ಐದು ತಿಂಗಳಾಯಿತು. ಬಂದಾಗ ಚಳಿಗಾಲ, ಈಗ ದಿನದಿನಕ್ಕೂ ಬಿಸಿಲು ಏರುತ್ತಿದೆ. ಇನ್ನೆರಡು ತಿಂಗಳಲ್ಲಿ ಮಧ್ಯಾಹ್ನ 45 ಡಿಗ್ರಿ ದಾಟುತ್ತದೆ ಅಂತಾರೆ. ಇಲ್ಲಿಯವರೆಗೆ ನಾನಿದ್ದದ್ದೆಲ್ಲ ಮಳೆ ಜಾಸ್ತಿ ಇರುವ ಕಡೆ. ಮನೆ ನೋಡಿಕೊಳ್ಳುವುದು ಅಂದರೆ ಸೋರುವುದು, ಪಾಚಿ, ಗೋಡೆಯ ತೇವ, ಇಷ್ಟೇ ನನಗೆ ಗೊತ್ತು. ಇಲ್ಲಿ ಅದ್ಯಾವುದೂ ಇಲ್ಲ. ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯುತ್ತಿಲ್ಲ.

ಒಂದೇ ಅಂತಸ್ತು, ಕಾಂಕ್ರೀಟ್ ತಾರಸಿ, ಕಟ್ಟಿ 11 ವರ್ಷ. ನೀರಿನ ಪಿವಿಸಿ ಪೈಪು ತಾರಸಿಯ ಮೇಲೇ ಹಾದುಹೋಗಿದೆ. ಏಸಿಯ ಹೊರಗಿನ ಯಂತ್ರ ಹಿತ್ತಲಲ್ಲಿದೆ. ಮೂರು ವಿಷಯ ಕಣ್ಣಿಗೆ ಬಿದ್ದಿವೆ. ಪಶ್ಚಿಮದ ಕಿಟಕಿ ಚೌಕಟ್ಟಿನ ಸುತ್ತ ಸಣ್ಣ ಸೀಳು ಬಿಟ್ಟಿದೆ. ಆ ಕಿಟಕಿಯ ಕೆಳಗೆ ಎಷ್ಟು ಒರೆಸಿದರೂ ಮಾರನೇ ದಿನ ನುಣ್ಣನೆ ಧೂಳು. ಮೂರನೆಯದು, ಯಾರೂ ಬಳಸದ ಬಾತ್‌ರೂಮಿನಲ್ಲಿ ಚರಂಡಿ ವಾಸನೆ. ವಾರಕ್ಕೊಮ್ಮೆ ನೆಲ ಒರೆಸುತ್ತೇವೆ, ಆದರೂ ಹೋಗುತ್ತಿಲ್ಲ.

"ಮಳೆಯೇ ಬರದ ಕಡೆ ಮನೆಗೆ ಏನಾಗುತ್ತೆ, ಸುಮ್ನೆ ಇರು" ಅಂತ ಮನೆಯಲ್ಲಿ ಹೇಳುತ್ತಾರೆ. ನನಗೆ ಯಾಕೋ ಸಮಾಧಾನವಿಲ್ಲ.

ಉಳಿಸುತ್ತಿಗೆ:

ವಾಸನೆ ವಿಷಯ ಮೊದಲು ಮುಗಿಸೋಣ, ಐದು ನಿಮಿಷದ ಕೆಲಸ. ನೆಲದ ಜಾಲರಿಯ ಕೆಳಗೆ, ಸಿಂಕಿನ ಕೆಳಗೆ ಪೈಪು ಒಂದು ಕಡೆ ಬಾಗಿರುತ್ತದೆ. ಆ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು. ಚರಂಡಿ ಗಾಳಿಯನ್ನು ತಡೆಯುವುದು ಆ ನೀರೇ. ಈ ಒಣ ಹವೆಯಲ್ಲಿ, ಬಳಸದ ಬಾತ್‌ರೂಮಿನಲ್ಲಿ ಅದು ಕೆಲವೇ ವಾರದಲ್ಲಿ ಆರಿಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಲ್ಲಿಗೆ ನೀರು ಹೋಗುವುದಿಲ್ಲ ಅಲ್ವಾ? ಪ್ರತಿ ಕಿಂಡಿಗೂ ಒಂದೊಂದು ಚೊಂಬು ನೀರು ಹಾಕಿ. ಮೇಲೆ ಎರಡು ಚಮಚ ಎಣ್ಣೆ ಬಿಡಿ. ಎಣ್ಣೆ ತೇಲಿಕೊಂಡು ಮುಚ್ಚಳದ ಹಾಗೆ ನಿಲ್ಲುತ್ತದೆ, ನೀರು ಬೇಗ ಆರುವುದಿಲ್ಲ.

ಈಗ ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. 14 ವರ್ಷದಿಂದ ಇಂಥ ಹವೆಯಲ್ಲೇ ಇದ್ದೇನೆ, ಮನೆ ರಿಪೇರಿಯನ್ನು ಆದಷ್ಟು ನಾನೇ ಮಾಡಿಕೊಳ್ಳುತ್ತೇನೆ. ಇಲ್ಲಿ ಬಿಸಿಲು ಸದ್ದಿಲ್ಲದೆ ಮನೆಯನ್ನು ತಿನ್ನುತ್ತಾ ಇರುತ್ತದೆ. ಎಲ್ಲೆಲ್ಲಿ ತಿಂದಿದೆ ಅಂತ ವರ್ಷಕ್ಕೆ ಎರಡೋ ಮೂರೋ ಸಲ ಬರುವ ಜೋರು ಮಳೆ ತೋರಿಸಿಕೊಡುತ್ತದೆ. ಆಗ ನೋಡಿಕೊಂಡರೆ ತಡವಾಗಿರುತ್ತದೆ. ಹಾಗಾಗಿ ಈಗಲೇ, ತಾರಸಿ ಮೇಲೆ ನಿಲ್ಲಲು ಆಗುವ ದಿನಗಳಲ್ಲೇ, ಕೈ ಹಚ್ಚಿ.

ಪಶ್ಚಿಮದ ಕಿಟಕಿಯಿಂದ ಶುರು ಮಾಡಿ. ಚೌಕಟ್ಟಿನ ಅಂಚಿಗೆ ಹಾಕಿರುವ ಸೀಲಂಟನ್ನು (ಸಂದಿ ಮುಚ್ಚುವ ಅಂಟು) ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡಿ. ಚೆನ್ನಾಗಿದ್ದರೆ ರಬ್ಬರಿನ ಹಾಗೆ ತಗ್ಗಿ ಮತ್ತೆ ಮೇಲೆ ಬರುತ್ತದೆ. ಸತ್ತಿದ್ದರೆ ಉಗುರು ಇಳಿಯುವುದೇ ಇಲ್ಲ, ಇಲ್ಲವೇ ಸೀಮೆಸುಣ್ಣದ ಹಾಗೆ ಪುಡಿ ಉದುರುತ್ತದೆ. ನಮ್ಮ ಮನೆಯಲ್ಲಿ ಉತ್ತರದ ಕಿಟಕಿಯದು ಇನ್ನೂ ಮೆತ್ತಗಿದ್ದಾಗಲೇ ಪಶ್ಚಿಮದ್ದು ಒಣಗಿ ಕಟ್ಟಿಗೆಯಾಗಿತ್ತು. ಒಂದು ತುದಿ ಹಿಡಿದು ಎಳೆದೆ, ಮೊಳದುದ್ದ ಒಂದೇ ಪಟ್ಟಿಯಾಗಿ ಕಿತ್ತು ಬಂತು. ಹಿಂದೆ ಗೋಡೆಗೂ ಚೌಕಟ್ಟಿಗೂ ನಡುವೆ ಬೆಳಕು ಕಾಣುವಷ್ಟು ಸಂದಿ! ನಿಮ್ಮ ಧೂಳು ಬರುತ್ತಿರುವುದೂ ಅಲ್ಲಿಂದಲೇ ಇರಬೇಕು.

ಸಂದಿ ಬಿಡುವುದಕ್ಕೆ ಕಾರಣ ಇದೆ. 2 ಮೀಟರ್ ಅಲ್ಯೂಮಿನಿಯಂ ಚೌಕಟ್ಟು 40 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಗೋಡೆ ಅದರ ಅರ್ಧದಷ್ಟೂ ಹಿಗ್ಗುವುದಿಲ್ಲ. ದಿನಾ ಹಗಲು ಹಿಗ್ಗಿ ರಾತ್ರಿ ಕುಗ್ಗಿ, ನಡುವೆ ಇರುವ ಸೀಲಂಟು ದಣಿಯುತ್ತದೆ. ಹಳೆಯದನ್ನು ಪೂರ್ತಿ ಕೆರೆದು ತೆಗೆದು, ಧೂಳು ಒರೆಸಿ, ಹೊರಗಡೆಗೆ ಸಿಲಿಕೋನ್ ಸೀಲಂಟ್ ಹಾಕಿ. ಅಕ್ರಿಲಿಕ್‌ಗಿಂತ ಅದು ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ. ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ, ಹಾಗಾಗಿ ಬಣ್ಣ ನೋಡಿ ಕೊಳ್ಳಿ. ದಯವಿಟ್ಟು ಹಳೆಯದರ ಮೇಲೇ ಹೊಸದು ಬಳಿಯಬೇಡಿ. ಕೆಲಸ ಬೆಳಿಗ್ಗೆ ಮಾಡಿ, ಗೋಡೆ ಕಾದ ಮೇಲೆ ಹಾಕಿದರೆ ಅಂಟುವ ಮುಂಚೆಯೇ ಮೇಲೆ ಪೊರೆ ಕಟ್ಟುತ್ತದೆ.

ತಾರಸಿಯ ಪೈಪಿಗೆ ಇದಕ್ಕಿಂತ ಕಷ್ಟ. 10 ಮೀಟರ್ ಪಿವಿಸಿ ಪೈಪು 40 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು ಎರಡೂವರೆ ಸೆಂಟಿಮೀಟರ್ ಹಿಗ್ಗುತ್ತದೆ. ಕ್ಲಾಂಪು ಬಿಗಿದಿದ್ದರೆ ಹೋಗಲು ಜಾಗವಿಲ್ಲದೆ ಬಾಗುತ್ತದೆ, ಕೊನೆಗೆ ಜಾಯಿಂಟಿನಲ್ಲಿ ಸೀಳುತ್ತದೆ. ಪೈಪು ಕ್ಲಾಂಪಿನೊಳಗೆ ಜಾರುವಷ್ಟು ಸಡಿಲ ಇರಲಿ. ಮೇಲೆ ಕೈ ಸವರಿದಾಗ ಬಿಳಿ ಪುಡಿ ಅಂಟಿದರೆ ಬಿಸಿಲು ಅದನ್ನು ಪೆಡಸು ಮಾಡುತ್ತಿದೆ ಅಂತ ಅರ್ಥ. ತಿಳಿ ಬಣ್ಣದ, ನೀರಿನಲ್ಲಿ ಕಲಸುವ ಪೇಂಟ್ ಬಳಿಯಿರಿ. ತಿನ್ನರ್ ಹಾಕುವ ಪೇಂಟ್ ಬೇಡ, ಅದು ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ.

ಅಲ್ಲೇ ಇದ್ದಾಗ ನೀರು ಹೋಗುವ ತೂತುಗಳನ್ನೂ ನೋಡಿ. ಮರಳು ಬಂದು ತುಂಬಿರುತ್ತದೆ. ಎರಡು ಬಕೆಟ್ ನೀರು ಸುರಿದು, ಕೆಳಗೆ ಎಷ್ಟು ಹೊತ್ತಿಗೆ ಬೀಳುತ್ತದೆ ಅಂತ ನಿಂತು ನೋಡಿ. ತಾರಸಿಗೆ ಬಿಳಿ ಲೇಪ ಇದ್ದರೆ ತೊಳೆಯಿರಿ, ಧೂಳು ಕೂತರೆ ಅದು ಬಿಸಿಲನ್ನು ಹಿಂದೆ ಕಳಿಸುವುದಿಲ್ಲ. ಗಾಢ ಬಣ್ಣದ ತಾರಸಿ ಬೇಸಿಗೆಯಲ್ಲಿ 65 ಡಿಗ್ರಿ ಮುಟ್ಟುತ್ತದೆ. ಮೇಲೆ ಹತ್ತುವುದಿದ್ದರೆ ಸೂರ್ಯ ಹುಟ್ಟುವ ಹೊತ್ತಿಗೆ ಹತ್ತಿ.

ಇನ್ನು ಏಸಿ. ಇದನ್ನು ನಾನು ನೊಂದು ಕಲಿತದ್ದು. ಬೇಸಿಗೆಗೆ ಮುಂಚೆ ಒಬ್ಬರನ್ನು ಕರೆಸಿ ಸರ್ವಿಸ್ ಮಾಡಿಸಿದ್ದೆ. ತಣ್ಣಗೆ ಬರುತ್ತಿತ್ತು, ಬಿಟ್ಟೆ. ಒಣ ತಿಂಗಳುಗಳಲ್ಲಿ ಏಸಿಯಿಂದ ನೀರೇ ಹೆಚ್ಚು ಬರುವುದಿಲ್ಲ, ಡ್ರೈನ್ ಪೈಪು ಖಾಲಿ ಇರುತ್ತದೆ. ಮಳೆಗೆ ಮುಂಚೆ ಗಾಳಿಯಲ್ಲಿ ತೇವ ಏರಿದ ವಾರ ಒಂದೇ ಸಲ ಲೀಟರುಗಟ್ಟಲೆ ನೀರು ಹರಿಯಬೇಕು. ಆ ರಾತ್ರಿ ಮಗಳು ಬಂದು ಎಬ್ಬಿಸಿದಳು, "ಅಪ್ಪ, ಮಂಚದ ಮೇಲೆ ಮಳೆ." ಅವಳ ಕೋಣೆಯ ಜಿಪ್ಸಮ್ ಛಾವಣಿ ಹೊಟ್ಟೆ ಬಿಟ್ಟು ಜೋತಾಡುತ್ತಿತ್ತು. ಬೆಳಿಗ್ಗೆ ಡ್ರೈನ್ ಪೈಪಿನ ಹೊರತುದಿಗೆ ನೀರು ಎಳೆಯುವ ವ್ಯಾಕ್ಯೂಮ್ ಹಿಡಿದೆ. ಮೊದಲು ಏನೂ ಬರಲಿಲ್ಲ. ಆಮೇಲೆ ಒಂದು ಗೊರಕೆ ಸದ್ದು, ಹೆಬ್ಬೆರಳಿನಷ್ಟು ದಪ್ಪದ ಬೂದು ಲೋಳೆ ಮುದ್ದೆ ಬಂತು. ಧೂಳು, ಪಾಚಿ, ಒಂದು ಒಣಗಿದ ನೊಣ. ಅದರ ಹಿಂದೆಯೇ ನೀರು.

ಅವತ್ತಿನಿಂದ ವರ್ಷಕ್ಕೆರಡು ಸಲ ಆ ಪೈಪಿಗೆ ನಾನೇ ವ್ಯಾಕ್ಯೂಮ್ ಹಿಡಿದು, ಒಂದು ಲೋಟ ವಿನೆಗರ್ ಬಿಟ್ಟು, ಅರ್ಧ ಗಂಟೆ ಕಳೆದು ನೀರು ಹಾಕುತ್ತೇನೆ. ನೀರು ತುಂಬಿದರೆ ಯಂತ್ರ ತಾನೇ ನಿಲ್ಲುವ ಫ್ಲೋಟ್ ಸ್ವಿಚ್ ಕೂಡ ಹಾಕಿಸಿದೆ. ನೀವು ಒಂದೇ ಕೆಲಸ ಮಾಡುವುದಿದ್ದರೆ ಇದನ್ನು ಮಾಡಿ.

ಫಿಲ್ಟರನ್ನು ತಿಂಗಳಿಗೊಮ್ಮೆ, ಧೂಳಿನ ಬಿರುಗಾಳಿ ಬಂದರೆ ಮಾರನೇ ದಿನವೇ ತೆಗೆದು ನೋಡಿ. ಹೊರಗಿನ ಯಂತ್ರದ ತೆಳು ಲೋಹದ ರೆಕ್ಕೆಗಳನ್ನು (ಫಿನ್) ಕರೆಂಟು ಪೂರ್ತಿ ಆಫ್ ಮಾಡಿ ಮೆಲ್ಲಗೆ ಪೈಪಿನ ನೀರಿನಲ್ಲಿ ತೊಳೆಯಿರಿ, ಜೋರು ಒತ್ತಡ ಬಿಟ್ಟರೆ ಬಾಗುತ್ತವೆ. ಆಮೇಲೆ ಒಂದು ಥರ್ಮಾಮೀಟರ್ ಹಿಡಿದು ಒಳಗೆ ಎಳೆಯುವ ಗಾಳಿ, ಹೊರಗೆ ಬಿಡುವ ಗಾಳಿ ಎರಡನ್ನೂ ಅಳೆಯಿರಿ. 8ರಿಂದ 11 ಡಿಗ್ರಿ ವ್ಯತ್ಯಾಸ ಇದ್ದರೆ ಸರಿ. ಬರೆದಿಟ್ಟುಕೊಳ್ಳಿ, ಮುಂದಿನ ವರ್ಷ ಹೋಲಿಸಲು ಬೇಕು.

ಗೀಸರಿನ ತಳದಲ್ಲಿ ಸುಣ್ಣ ಕೂರುತ್ತದೆ, ನೀರು ಗಡಸಾಗಿದ್ದರೆ ವರ್ಷಕ್ಕೊಮ್ಮೆ ಖಾಲಿ ಮಾಡಿಸಿ. ಆಗಲೇ ಆನೋಡ್ ಕಡ್ಡಿ (ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಕಡ್ಡಿ) ಎಷ್ಟು ಉಳಿದಿದೆ ಅಂತಲೂ ಕೇಳಿ.

ತಂತಿಮನೆ:

ಉಳಿಸುತ್ತಿಗೆಯವರು ಹೇಳಿದ್ದಕ್ಕೆ ವೈರಿಂಗ್ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ಇದು ನನ್ನ ಕೆಲಸ.

ನಡು ಬೇಸಿಗೆಯಲ್ಲಿ ಏಸಿ ನಿಂತುಹೋಯಿತು ಅಂತ ಕರೆ ಬಂದರೆ ಎಷ್ಟೋ ಸಲ ಹೋಗಿರುವುದು ಹೊರಗಿನ ಯಂತ್ರದ ಕೆಪಾಸಿಟರ್, ಅಂದರೆ ಚಾರ್ಜ್ ಹಿಡಿದಿಟ್ಟು ಮೋಟರಿಗೆ ನೆರವಾಗುವ ಡಬ್ಬಿಯಂಥ ಭಾಗ. ಶಾಖಕ್ಕೆ ಅದರ ಆಯಸ್ಸು ಕಡಿಮೆಯಾಗುತ್ತದೆ. ತಲೆ ಚಪ್ಪಟೆಯಾಗಿರಬೇಕು, ಉಬ್ಬಿದ್ದರೆ ಮುಗಿಯಿತು. ಆದರೆ ನೀವು ಮುಚ್ಚಳ ಬಿಚ್ಚಬೇಡಿ. ಕರೆಂಟು ತೆಗೆದ ಮೇಲೂ ಅದರೊಳಗೆ ಚಾರ್ಜ್ ಉಳಿದಿರುತ್ತದೆ, ಹೊಡೆಯುತ್ತದೆ. ಬೇಸಿಗೆಗೆ ಮುಂಚೆ ಬಲ್ಲವರಿಂದ ಮೀಟರಿನಲ್ಲಿ ಅಳೆಸಿ.

ಇನ್ನೊಂದು ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ. ಮಣ್ಣು ಒಣಗಿದಷ್ಟೂ ಅದರ ಮೂಲಕ ಕರೆಂಟು ಹೋಗುವುದು ಕಷ್ಟ. ಮಳೆ ಬಂದ ವಾರ ಅಳೆದರೆ ಚೆನ್ನಾಗಿಯೇ ಕಾಣುತ್ತದೆ. ಅತಿ ಒಣ ಕಾಲದಲ್ಲಿ ಅಳೆಸಿ, ಆಗ ಸಿಗುವುದೇ ನಿಜವಾದ ಲೆಕ್ಕ. ಆರ್‌ಸಿಸಿಬಿಯ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಟೆಸ್ಟ್ ಗುಂಡಿಯನ್ನೂ ಆಗಾಗ ಒತ್ತಿ ನೋಡುತ್ತಿರಿ.

ಮರಳುಹಾದಿ:

ತುಂಬಾ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಮೂರು ಕಿಂಡಿಗೂ ನೀರು, ಎಣ್ಣೆ ಹಾಕಿದೆ. ಬೆಳಿಗ್ಗೆ ವಾಸನೆ ಇಲ್ಲ! ಸೀಲಂಟಿಗೆ ಉಗುರು ಒತ್ತಿದೆ, ನೀವು ಹೇಳಿದ ಹಾಗೆ ಸೀಮೆಸುಣ್ಣವೇ. ಪಶ್ಚಿಮದ ಎರಡು, ದಕ್ಷಿಣದ ಒಂದು ಕಿಟಕಿ ಹೋಗಿವೆ.

ಇನ್ನೊಂದು ಕೇಳಬೇಕಿತ್ತು. ಬೇಸಿಗೆ ನಡುವೆ ಆರು ವಾರ ನಾವು ಇಲ್ಲಿ ಇರುವುದಿಲ್ಲ. ಏಸಿ ಪೂರ್ತಿ ಆಫ್ ಮಾಡಿ ಹೋಗಬಹುದಾ?

ಉಳಿಸುತ್ತಿಗೆ:

ಪೂರ್ತಿ ಆಫ್ ಬೇಡ. ಮುಚ್ಚಿದ ಮನೆ ವಾರಗಟ್ಟಲೆ ಕಾದರೆ ಮರದ ಬಾಗಿಲು ಡೊಂಕಾಗುತ್ತದೆ, ಅಂಟಿಸಿದ್ದೆಲ್ಲ ಬಿಟ್ಟುಕೊಳ್ಳುತ್ತದೆ. ನಾನು 30 ಡಿಗ್ರಿಗೆ ಇಟ್ಟು ಹೋಗುತ್ತೇನೆ. ಪಶ್ಚಿಮದ ಪರದೆ ಪೂರ್ತಿ ಎಳೆದಿರಿ.

ನೀರಿನ ಮುಖ್ಯ ವಾಲ್ವ್ ಮುಚ್ಚಿ. ಇದು ಎಲ್ಲಕ್ಕಿಂತ ಮುಖ್ಯ, ವಾಷಿಂಗ್ ಮಷೀನಿನ ಒಂದು ಹೋಸು ಒಡೆದರೆ ಆರು ವಾರ ಯಾರೂ ನೋಡುವವರಿಲ್ಲ. ಗೀಸರ್ ಆಫ್. ಎಲ್ಲ ಕಿಂಡಿಗೂ ಎಣ್ಣೆ. ಸ್ಪ್ರೇ ಡಬ್ಬಿಗಳನ್ನು ಹೊರಗಿನ ಶೆಡ್ಡಿನಲ್ಲಿ ಬಿಡಬೇಡಿ, 50 ಡಿಗ್ರಿ ದಾಟಬಾರದು ಅಂತ ಅವುಗಳ ಮೇಲೇ ಬರೆದಿರುತ್ತದೆ, ಶೆಡ್ಡು ಅದನ್ನು ಸುಲಭವಾಗಿ ದಾಟುತ್ತದೆ.

ವಾಪಸ್ ಬಂದ ದಿನ ಕಿಟಕಿ ತೆರೆದು ಎಲ್ಲ ನಲ್ಲಿಗಳನ್ನೂ ಕೆಲವು ನಿಮಿಷ ಹರಿಯಬಿಡಿ. ಬೆಚ್ಚಗೆ ನಿಂತ ನೀರಿನಲ್ಲಿ, 20ರಿಂದ 45 ಡಿಗ್ರಿಯ ನಡುವೆ, ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದರ ಹನಿ ಉಸಿರಿನಲ್ಲಿ ಹೋದರೆ ನ್ಯುಮೋನಿಯಾ ಬರಬಹುದು. ಶವರಿನ ತಲೆ ಬಿಚ್ಚಿಟ್ಟು ಹರಿಸಿದರೆ ನೀರು ಚಿಮ್ಮುವುದಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರಿಗಿಂತ ಮುಂಚೆ ನೀವು ಒಳಗೆ ಹೋಗಿ ಇಷ್ಟು ಮುಗಿಸಿ.

ಮರಳುಹಾದಿ:

ಇವತ್ತು ಬೆಳಿಗ್ಗೆ ಐದೂವರೆಗೆ ತಾರಸಿ ಹತ್ತಿದೆ. ನಾಲ್ಕು ತೂತುಗಳಲ್ಲಿ ಮೂರು ಮುಚ್ಚಿಹೋಗಿದ್ದವು. ಮೂಲೆಯದರಲ್ಲಿ ಮರಳಿನ ಮೇಲೆ ಹಕ್ಕಿ ಕಡ್ಡಿ ಜೋಡಿಸಲು ಶುರು ಮಾಡಿತ್ತು, ಮೊಟ್ಟೆ ಇರಲಿಲ್ಲ. ಕಡ್ಡಿಗಳನ್ನು ಹಿತ್ತಲ ಗಿಡದ ಬುಡಕ್ಕೆ ಇಟ್ಟೆ. ಮರಳು ತೆಗೆದು ಎರಡು ಬಕೆಟ್ ನೀರು ಸುರಿದೆ. ಮೂರು ಕಡೆ ತಕ್ಷಣ ಕೆಳಗೆ ಬಿತ್ತು. ಅಡುಗೆಮನೆ ಮೇಲಿನದು ಮಾತ್ರ ಇನ್ನೂ ತುಂಬಿಕೊಂಡೇ ನಿಂತಿದೆ. ನಾಳೆ ಬೆಳಿಗ್ಗೆ ಕೆಳಗಿನಿಂದ ಕಂಬಿ ಹಾಕಿ ನೋಡುತ್ತೇನೆ, ಏನು ಸಿಕ್ಕಿತು ಅಂತ ಇಲ್ಲೇ ಬರೆಯುತ್ತೇನೆ.