ಪದ ಬೇಕು: ತಂಡಕ್ಕೆ ಸೇರದೆ, ಹೊರಗೂ ಉಳಿಯದೆ ಕಾಯುವವರನ್ನು ಏನೆನ್ನೋಣ?

ವಿರಾಜಪೇಟೆಯಲ್ಲಿ ನಾವು ನಾಲ್ಕೈದು ಜನ ಸೇರಿ ಶಾಲೆಯ ಮಕ್ಕಳಿಗೆಂದು ಒಂದು ಕ್ರೀಡಾ ಸಂಚಿಕೆ ತರುತ್ತಿದ್ದೇವೆ. ಹಾಕಿ ಬಗ್ಗೆ ಬರೆಯುವವರಿಗೆ ಕೊಡಗಿನಲ್ಲಿ ಬರವೇ? ಹಾಗಾಗಿ ನನ್ನ ಪಾಲಿಗೆ ಉಳಿದದ್ದು ಫಿಗರ್ ಸ್ಕೇಟಿಂಗ್, ಮಂಜುಗಡ್ಡೆಯ ಮೇಲೆ ಜಾರುತ್ತಾ ಕುಣಿಯುವ ಆಟ. ಮಂಜುಗಡ್ಡೆಯನ್ನು ಫ್ರಿಜ್ಜಿನಲ್ಲಿ ಬಿಟ್ಟು ಬೇರೆಲ್ಲೂ ನೋಡದವನು ನಾನು. ಆದರೂ ಬರೆದೆ.

2014ರ ಜನವರಿಯ ಕಥೆ ಅದು. ಬೋಸ್ಟನ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್. ಸೋಚಿ ಒಲಿಂಪಿಕ್ಸ್‌ಗೆ ಮಹಿಳೆಯರಲ್ಲಿ ಮೂವರಿಗೆ ಜಾಗ. ಗ್ರೇಸಿ ಗೋಲ್ಡ್ ಮೊದಲ ಸ್ಥಾನ, ಪೊಲಿನಾ ಎಡ್ಮಂಡ್ಸ್ ಎರಡು, ಮಿರಾಯ್ ನಾಗಾಸು ಮೂರು. ಹಿಂದಿನ ಎರಡು ವರ್ಷದ ಚಾಂಪಿಯನ್ ಆ್ಯಶ್ಲಿ ವ್ಯಾಗ್ನರ್ ಬಿದ್ದು ಎದ್ದು ನಾಲ್ಕಕ್ಕೆ ಇಳಿದರು. ಆದರೆ ಸೋಚಿಗೆ ಹೋದದ್ದು ವ್ಯಾಗ್ನರ್. ಆಯ್ಕೆ ಸಮಿತಿ ಒಂದು ದಿನದ ಆಟ ಮಾತ್ರ ನೋಡುವುದಿಲ್ಲ, ಹಿಂದಿನ ದೊಡ್ಡ ಸ್ಪರ್ಧೆಗಳ ಫಲಿತಾಂಶವನ್ನೂ ತೂಗುತ್ತದೆ. ಒಂದು ತಿಂಗಳ ಹಿಂದಷ್ಟೇ ಗ್ರ್ಯಾನ್ ಪ್ರಿ ಫೈನಲ್‌ನಲ್ಲಿ ವ್ಯಾಗ್ನರ್‌ಗೆ ಕಂಚು ಬಂದಿತ್ತು.

ನಾನು ಬರೆದ ಸಾಲು ಹೀಗಿತ್ತು: ‘ವ್ಯಾಗ್ನರ್ ಅರ್ಹತೆ ಪಡೆದರು, ನಾಗಾಸು ಬದಲಿ ಆಟಗಾರ್ತಿಯಾದರು.’

ಪಕ್ಕದ ಮನೆಯ ಮಾಮನಿಗೆ ತೋರಿಸಿದೆ. ಮಿಲಿಟರಿಯಿಂದ ನಿವೃತ್ತರಾದವರು, ಈಗಲೂ ತಮ್ಮ ಒಕ್ಕದ (ಮನೆತನದ) ತಂಡಕ್ಕೆ ಹಾಕಿ ಸ್ಟಿಕ್ ಹಿಡಿದು ಇಳಿಯುತ್ತಾರೆ. ಓದಿ ಕನ್ನಡಕ ತೆಗೆದರು. “ಎಂತ ಮೋನೆ ಇದು? ಮೂರನೆಯವಳನ್ನು ಬಿಟ್ಟು ನಾಲ್ಕನೆಯವಳನ್ನು ಕಳಿಸಿದರೆ, ನಾಲ್ಕನೆಯವಳೇ ಬದಲಿ ಅಲ್ವಾ?”

ನಾನು ಸುಮ್ಮನಾದೆ. ಅವರು ಹೇಳಿದ್ದು ಸರಿ. ಸಂಪಾಜೆ ಘಾಟಿಯಲ್ಲಿ ಮಣ್ಣು ಕುಸಿದಾಗ ‘ಬದಲಿ ಮಾರ್ಗ’ ಅನ್ನುತ್ತೇವೆ. ಅಂದರೆ ಬಸ್ಸು ಈಗ ನಿಜವಾಗಿ ಓಡುತ್ತಿರುವ ದಾರಿ. ಹಾಕಿಯಲ್ಲೂ ಅಷ್ಟೇ, ಬದಲಿ ಆಟಗಾರ ತಂಡದಲ್ಲೇ ಇರುತ್ತಾನೆ, ಪಂದ್ಯದ ನಡುವೆ ಹತ್ತು ಸಲ ಒಳಗೆ ಹೊರಗೆ ಓಡಾಡುತ್ತಾನೆ. ನಾಗಾಸು ತಂಡದಲ್ಲೇ ಇರಲಿಲ್ಲ. ಮೂವರಲ್ಲಿ ಒಬ್ಬರಿಗೆ ಏಟಾದರೆ ಮಾತ್ರ ಅವರಿಗೆ ಕರೆ. ನನ್ನ ಸಾಲು ಓದಿದ ಮಗು ಕಥೆಯನ್ನು ತಿರುವುಮುರುವು ತಿಳಿಯುತ್ತದೆ.

‘ಮೀಸಲು’ ಹಾಕಿ ನೋಡಿದೆ. ನಮ್ಮ ಕಡೆ ಮೀಸಲು ಅಂದ ಕೂಡಲೇ ಮೀಸಲು ಅರಣ್ಯ. ಯಾರೂ ಕಾಲಿಡಬಾರದ ಜಾಗ! ಬೇಡ ಅನ್ನಿಸಿತು.

ಪತ್ರಿಕೆಗಳಲ್ಲಿ ‘ಕಾಯ್ದಿರಿಸಿದ ಆಟಗಾರ’ ಅಂತಲೂ ನೋಡಿದ್ದೇನೆ. ಇದು ನನ್ನನ್ನು ಜಾಸ್ತಿ ಕಾಡಿದ ಪದ. ನಮ್ಮ ಜಿಲ್ಲೆಗೆ ರೈಲೇ ಇಲ್ಲ, ಆದರೂ ‘ಕಾಯ್ದಿರಿಸಿದ’ ಅಂದರೆ ಮೈಸೂರಿನಲ್ಲಿ ಹತ್ತುವ ರೈಲಿನ ಸೀಟೇ ನೆನಪಾಗುತ್ತದೆ. ಸೀಟು ಕಾಯ್ದಿರಿಸಿದೆ ಅಂದರೆ ಸೀಟು ಖಾತ್ರಿ. ಇಲ್ಲಿ ಖಾತ್ರಿ ಇಲ್ಲದಿರುವುದೇ ವಿಷಯ. ಅವರದ್ದು ವೇಟಿಂಗ್ ಲಿಸ್ಟ್. ಇನ್ನೊಂದು ತೊಡಕು: ಕಾಯ್ದಿರಿಸುವುದು ಬೇರೆಯವರು. ಆದರೆ ಇಲ್ಲಿ ಕಾಯುತ್ತಿರುವುದು ಆ ಹುಡುಗಿಯೇ. ಮನೆಯಲ್ಲಿ ಅಭ್ಯಾಸ ಬಿಡದೆ, ಫೋನಿನ ಕಡೆ ಕಣ್ಣಿಟ್ಟು.

ಹಾಗಾಗಿ ‘ಸರದಿ ಕಾಯುವವರು’ ಅಂತ ಬರೆದರೆ ಹೇಗೆ? ಇದರಲ್ಲಿ ಮೊದಲ ಸರದಿ, ಎರಡನೇ ಸರದಿ ಅಂತ ಕ್ರಮವನ್ನೂ ಹೇಳಬಹುದು. ಅಲ್ಲಿ ಅಂಥ ಕ್ರಮ ಇದೆ. ಇನ್ನೊಂದು ಕಥೆಗೆ ಹಚ್ಚಿ ನೋಡಿದೆ. 1994ರಲ್ಲಿ ಡೆಟ್ರಾಯಿಟ್‌ನಲ್ಲಿ, ಇದೇ ರಾಷ್ಟ್ರೀಯ ಚಾಂಪಿಯನ್‌ಷಿಪ್ ಹೊತ್ತಿಗೆ, ಸ್ಕೇಟರ್ ನ್ಯಾನ್ಸಿ ಕೆರಿಗನ್ ಮೊಣಕಾಲಿನ ಹತ್ತಿರ ಒಬ್ಬ ಬಡಿದು ಓಡಿದ. ಅವರು ಆ ಚಾಂಪಿಯನ್‌ಷಿಪ್‌ನಲ್ಲಿ ಆಡಲೇ ಇಲ್ಲ, ಆದರೂ ಒಲಿಂಪಿಕ್ಸ್‌ನ ಎರಡು ಜಾಗಗಳಲ್ಲಿ ಒಂದನ್ನು ಅವರಿಗೆ ಕೊಟ್ಟರು. ಎರಡನೇ ಸ್ಥಾನ ಪಡೆದಿದ್ದ 13 ವರ್ಷದ ಮಿಶೆಲ್ ಕ್ವಾನ್ ಸರದಿ ಕಾದರು, ಸರದಿ ಬರಲಿಲ್ಲ. ಕೆರಿಗನ್ ಲಿಲ್ಲೆಹ್ಯಾಮರ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು. ವಾಕ್ಯ ಕೂರುತ್ತದೆ, ಅಲ್ವಾ? ಆದರೆ ಶೀರ್ಷಿಕೆಗೆ ಉದ್ದವಾಯಿತು. ‘ಸರದಿಗಾರ್ತಿ’ ಅಂದರೆ ನಗುತ್ತೀರೇನೋ.

ಇದೇ ಕಥೆಯಿಂದ ‘ಅರ್ಹತೆ ಪಡೆದರು’ ಕೂಡ ಬಿದ್ದುಹೋಯಿತು. ಆಡದೇ ಇದ್ದವರು ಗೆದ್ದು ಅರ್ಹತೆ ಪಡೆಯುವುದು ಹೇಗೆ? ‘ಆಯ್ಕೆಯಾದರು’ ಅಂತ ತಿದ್ದಿದ್ದೇನೆ.

ಇನ್ನೊಂದು ಚಿಲ್ಲರೆ ಸಂಶಯ. ಆ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕನೆಯವರಿಗೂ ಪದಕ ಉಂಟು, ಪ್ಯೂಟರ್ ಅನ್ನುವ ಲೋಹದ್ದು. ಅದರಲ್ಲಿ ಹೆಚ್ಚಿನ ಪಾಲು ತವರ. ‘ತವರ ಪದಕ’ ಅಂತ ಬರೆದಿದ್ದೆ. ನನ್ನ ಹೆಂಡತಿ ಓದಿ, “ತವರಿನವರು ಪದಕ ಬೇರೆ ಕೊಡುತ್ತಾರಾ?” ಅಂತ ಕೇಳಿದಳು. ಅದನ್ನು ಪ್ಯೂಟರ್ ಅಂತಲೇ ಬಿಡುತ್ತೇನೆ.

ಕ್ರೀಡಾಪುಟದಲ್ಲಿ ಕೆಲಸ ಮಾಡಿದವರು ಇದ್ದರೆ ಹೇಳಿ: ‘ಸ್ಟ್ಯಾಂಡ್‌ಬೈ’ ಅಂತ ಹಾಕಿ ಕೈತೊಳೆದುಕೊಳ್ಳುತ್ತೀರಾ, ಅಥವಾ ಶೀರ್ಷಿಕೆಯಲ್ಲಿ ಹಿಡಿಸುವ ಕನ್ನಡ ಪದ ಏನಾದರೂ ಉಂಟಾ?