ಬೋರ್ಡಿಗೆ ಪದ ಬೇಕು: ರಕ್ತ ಗಟ್ಟಿಯೋ, ಮಂದವೋ, ಸ್ನಿಗ್ಧವೋ?

ಉಡುಪಿಯಿಂದ:
ನಮಸ್ಕಾರ. ನಾಯಿ-ಬೆಕ್ಕುಗಳ ಕ್ಲಿನಿಕ್ಕಿಗೆ ಒಂದು ಬೋರ್ಡು ಬರೆದುಕೊಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಫ್ಲೆಕ್ಸಿನವರಿಗೆ ಕೊಡಬೇಕು. ಸಾಲು ಇದು: ‘ವಾಂತಿ-ಭೇದಿಯಾದರೆ ಮೈಯ ನೀರು ಹೋಗಿ ರಕ್ತದ ____ ಹೆಚ್ಚಾಗುತ್ತದೆ.’ ವಿಸ್ಕಾಸಿಟಿಗೆ, ಅಂದರೆ ದ್ರವ ಸಲೀಸಾಗಿ ಹರಿಯದಂತೆ ತಡೆಯುವ ಗುಣಕ್ಕೆ, ಪಠ್ಯದಲ್ಲಿ ‘ಸ್ನಿಗ್ಧತೆ’ ಇದೆ. ಹಾಕಬಹುದಾ? ‘ಗಟ್ಟಿ’ ಎಂದರೆ ಹೆಪ್ಪುಗಟ್ಟಿತು ಅಂದುಕೊಳ್ಳುತ್ತಾರೆ ಅಂತ ಡಾಕ್ಟ್ರಿಗೆ ಹೆದರಿಕೆ.

ಕದ್ರಿಯಿಂದ:
ಸ್ನಿಗ್ಧ ಬೇಡವೇ ಬೇಡ. ಅದು ಜಿಡ್ಡು, ನಯ, ಕವಿಗಳ ಕೈಗೆ ಸಿಕ್ಕರೆ ಪ್ರೀತಿ. ಮೊದಲು ‘ರಕ್ತ’ ತೆಗೆಯಿರಿ. ನೆತ್ತರು ಇದೆಯಲ್ಲ! ತುಳುವಿನಲ್ಲಿ ನೆತ್ತೆರ್, ತೆಲುಗಿನಲ್ಲಿ ನೆತ್ತುರು, ಹಳೆ ತಮಿಳಿನಲ್ಲಿ ನೆಯ್‌ತ್ತೋರ್. ಒಳಗೆ ‘ನೆಯ್’ ಕೂತಿದೆ, ಅಂದರೆ ತುಪ್ಪ. ಅಂಟುತನವೆಲ್ಲ ಆ ಪದದಲ್ಲೇ ಇದೆ ಎಂದು ಹತ್ತು ವರ್ಷದಿಂದ ಹೇಳುತ್ತಿದ್ದೇನೆ.

ಮಣಿಪಾಲದಿಂದ:
ಹತ್ತು ವರ್ಷದಿಂದ ಯಾರೂ ಒಪ್ಪಿಲ್ಲ. ಬಿಡಿ.
ನಾನು ಲ್ಯಾಬಿನವನು. ಡಾಕ್ಟ್ರು ಹೇಳುವುದು ಸರಿ. ಹೆಪ್ಪುಗಟ್ಟುವುದು ಬೇರೆ, ಇದು ಬೇರೆ. ‘ರಕ್ತ ತೆಳು ಮಾಡುವ ಮಾತ್ರೆ’ ಎನ್ನುತ್ತೇವಲ್ಲ, ಅದು ತೆಳು ಮಾಡುವುದೇ ಇಲ್ಲ, ಹೆಪ್ಪು ತಡೆಯುತ್ತದೆ ಅಷ್ಟೆ. ನಿಮ್ಮ ಸಾಲಿನಲ್ಲಿ ಆಗುವುದು ಏನು? ನೀರು ಇಳಿದು ಕೆಂಪು ಕಣಗಳ ಪಾಲು ಏರುತ್ತದೆ. ಪಿಸಿವಿ ಅಂತ ರಿಪೋರ್ಟಿನಲ್ಲಿ ಬರುತ್ತದಲ್ಲ, ಅದು. ಆರೋಗ್ಯವಾಗಿರುವ ನಾಯಿಗೆ ಸುಮಾರು ಶೇ. 37ರಿಂದ 55, ಬೆಕ್ಕಿಗೆ 30ರಿಂದ 45. ಉಣ್ಣಿ ಕಚ್ಚಿ ಬೆಬೀಸಿಯಾ ಎಂಬ ರೋಗ ಬಂದರೆ ಕಣಗಳೇ ಒಡೆದು ಆ ಪಾಲು ಇಳಿಯುತ್ತದೆ, ರಕ್ತ ನೀರಾಗುತ್ತದೆ. ಗಂಜಿಯ ತೆಳಿ ಬಸಿದರೆ ಏನಾಗುತ್ತದೆ? ಮಂದವಾಗುತ್ತದೆ. ನಾಮಪದವೇ ಯಾಕೆ ಬೇಕು? ‘ರಕ್ತ ಮಂದವಾಗುತ್ತದೆ’ ಸಾಕು.

ಕದ್ರಿಯಿಂದ:
ಮಂದ ಸಂಸ್ಕೃತ.

ಕುಂದಾಪುರದಿಂದ:
ಸಂಸ್ಕೃತದ ಮಂದಕ್ಕೆ ನಿಧಾನ, ಜಡ ಅಂತ ಅರ್ಥ. ಗಂಜಿ ಮಂದ, ಸಾರು ಮಂದ ಎನ್ನುವುದು ನಮ್ಮ ಅಡುಗೆಮನೆಯದ್ದು. ಅಲ್ಲ ಮಾರಾಯ್ರೆ, ಕ್ಲಿನಿಕ್ಕು, ಫ್ಲೆಕ್ಸು, ಡಾಕ್ಟ್ರು, ಬೋರ್ಡು, ಇಷ್ಟು ಇಂಗ್ಲಿಷಿಗೆ ಸುಮ್ನಿದ್ದು ಸಂಸ್ಕೃತಕ್ಕೆ ಮಾತ್ರ ಉರಿಯುವುದಾ?

ಕದ್ರಿಯಿಂದ:
ಬೋರ್ಡಿಗೆ ಹಲಗೆ ಇದೆ. ಯಾರೂ ಕೇಳಲಿಲ್ಲ.

ಉಡುಪಿಯಿಂದ:
‘ರಕ್ತ ಮಂದವಾಗುತ್ತದೆ’ ಎಂದೇ ಕಳಿಸಿದೆ. ನೆತ್ತರು ಹಾಕಿದರೆ ಕೊಲೆ ಕೇಸಿನ ಸುದ್ದಿ ಓದಿದ ಹಾಗಿರುತ್ತದೆ ಅಂದರು ಡಾಕ್ಟ್ರು. ಕೆಳಗಿನ ಸಾಲಿನಲ್ಲಿ ‘ಗ್ಲೂಕೋಸ್ ಡ್ರಿಪ್’ ಅಂತ ಇತ್ತು. ಅದಕ್ಕೆ ಪದ ಕೇಳುವ ಅಂತ ಇದ್ದೆ. ಬೇಡ, ಹಾಗೇ ಬಿಟ್ಟಿದ್ದೇನೆ.